ಓದಿ ಹೇಳದೆ ಬಿಟ್ಟ ಸಾಲು

ಆಸ್ಪತ್ರೆಯಲ್ಲಿ ರೋಗಿಯೂ ನಾನೇ, ದುಭಾಷಿಯೂ ನಾನೇ ಆಗಿದ್ದೆ. ಈಗ ಯೋಚಿಸಿದರೆ ನಮ್ಮ ಮನೆಯ ಸಂಕಟ ಶುರುವಾದದ್ದು ಗಡ್ಡೆಯಿಂದಲ್ಲ, ಅಲ್ಲಿಂದಲೇ ಅನಿಸುತ್ತದೆ.

ನನ್ನ ತವರು ಜಮಖಂಡಿ. ಹತ್ತನೆಯ ತರಗತಿಯವರೆಗೆ ಅಲ್ಲಿನ ಕಾನ್ವೆಂಟಿನಲ್ಲಿ ಓದಿದೆ. ಮದುವೆಯಾಗಿ ಬನಹಟ್ಟಿಗೆ ಬಂದು ಹನ್ನೊಂದು ವರ್ಷವಾಯಿತು. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್‌ಗಳಿವೆ. ಅವು ನಡೆಯುತ್ತಿದ್ದರೆ ಅಡುಗೆಮನೆಯ ಮಾಡದಲ್ಲಿಟ್ಟ ಸ್ಟೀಲ್ ಲೋಟಗಳು ಸಣ್ಣಗೆ ನಡುಗುತ್ತಿರುತ್ತವೆ. ಕರೆಂಟು ಹೋಗಿ ಮಗ್ಗ ನಿಂತಾಗಲೇ ನಮಗೆ ನಮ್ಮ ಧ್ವನಿ ಎಷ್ಟು ದೊಡ್ಡದು ಎಂದು ಗೊತ್ತಾಗುವುದು. ಈ ಓಣಿಯಲ್ಲಿ ನನ್ನ ಓದಿಗೆ ಒಂದು ಕೆಲಸವಿತ್ತು. ಗುಳಿಗೆಯ ಚೀಟಿ, ರಕ್ತ ತಪಾಸಣೆಯ ಕಾಗದ, ಮೊಬೈಲಿಗೆ ಬಂದ ಮೆಸೇಜು, ಏನಿದ್ದರೂ ನನ್ನ ಹತ್ತಿರ ಬರುತ್ತಿದ್ದವು. ಅತ್ತೆ ಬಾಗಿಲಲ್ಲೇ ನಿಂತು ಹೇಳುತ್ತಿದ್ದರು, "ತಗೊಂಡ್ ಬಾ ಇಲ್ಲೆ. ನಮ್ಮ ಸುಮಾ ಇಂಗ್ಲಿಷ್ ಅಂದ್ರ ಶೇಂಗಾ ಸುಲದಂಗ ಓದ್ತಾಳ."

ರಕ್ತಸ್ರಾವ ಎರಡು ವರ್ಷದಿಂದ ಇತ್ತು. ಹೆಂಗಸರು ಇಂಥದ್ದನ್ನು ಹೇಗೆ ಮುಚ್ಚಿಡುತ್ತೇವೆ ಎಂಬುದು ಹೆಂಗಸರಿಗೇ ಗೊತ್ತು. ಕಡುಬಣ್ಣದ ಸೀರೆ, ಹೊಲಿಗೆ ಬಿಟ್ಟ ಹಳೆಯ ಚಾದರ, ಮದುವೆ ಮುಂಜಿವೆಗೆ ಹೋಗದಿರಲು ಒಂದೊಂದು ನೆಪ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಕೈ ಎತ್ತಲಾಗಲಿಲ್ಲ. ಹಿಟ್ಟಿನ ಮೇಲೆ ಅಂಗೈ ಹಾಗೇ ಉಳಿಯಿತು. ನನ್ನ ಉಗುರು ಹಿಟ್ಟಿನಷ್ಟೇ ಬೆಳ್ಳಗಿತ್ತು. ಅತ್ತೆ ಅದನ್ನು ನೋಡಿದರು. ಅವತ್ತೇ ಜಮಖಂಡಿಗೆ ಕರೆದುಕೊಂಡು ಹೋದರು.

ನಮಗೆ ಮಕ್ಕಳಿರಲಿಲ್ಲ. ಆರು ವರ್ಷದ ಹಿಂದೆ ಒಂದು ನಿಂತಿತ್ತು, ಐದನೆಯ ತಿಂಗಳಿಗೆ ಹೋಯಿತು. ಆಮೇಲೆ ಮತ್ತೆ ನಿಲ್ಲಲೇ ಇಲ್ಲ. ಹಾಗಾಗಿ ಆಸ್ಪತ್ರೆಯ ಬೆಂಚಿನ ಮೇಲೆ ನಾನು, ಅತ್ತೆ, ನಮ್ಮ ಮನೆಯವರು ಕೂತಿದ್ದಾಗ ಮೂವರ ಮನಸ್ಸಿನಲ್ಲೂ ಇದ್ದ ಪ್ರಶ್ನೆ ಒಂದೇ. ಅದನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಡಾಕ್ಟರಮ್ಮ ಮೊದಲು ಕನ್ನಡದಲ್ಲೇ ಮಾತಾಡಿಸಿದರು. ನಾನು ಯಾವುದೋ ಒಂದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಅವರ ಮುಖ ಅರಳಿತು. ಆ ಗಳಿಗೆಯಿಂದ ಮಾತೆಲ್ಲ ಇಂಗ್ಲಿಷಿಗೆ ತಿರುಗಿತು. ನಮ್ಮ ಮನೆಯವರು ಪಕ್ಕದ ಕುರ್ಚಿಯಲ್ಲಿ ಕೂತು, ಡಾಕ್ಟರನ್ನು ನೋಡುವುದು ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅವರಿಗೆ ಅದೊಂದು ಹೆಮ್ಮೆ. ಹೊರಗೆ ಬಂದವರೇ ತಾಯಿಗೆ ಹೇಳಿದ್ದೂ ಅದನ್ನೇ.

"ಏನ್ ಮಾತಾಡಿದ್ಲು ಅಂತೀ ಅವ್ವಾ! ಡಾಕ್ಟರು ಒಂದು ಅಂದ್ರ ಇಕಿ ಎರಡು."

"ಅದ ಬಿಡೋ ಮಲ್ಲು. ಏನಂದ್ರು ಡಾಕ್ಟರು?"

ಅವರು ನನ್ನ ಕಡೆ ತಿರುಗಿದರು.

ಡಾಕ್ಟರು ಹೇಳಿದ್ದು ಇಷ್ಟು. ಗರ್ಭಕೋಶದಲ್ಲಿ ಮೂರು ಗಡ್ಡೆಗಳಿವೆ, ಒಂದು ತೆಂಗಿನಕಾಯಿಯಷ್ಟು ದೊಡ್ಡದು. ಗಡ್ಡೆಗಳನ್ನಷ್ಟೇ ತೆಗೆಯಲು ಪ್ರಯತ್ನಿಸುತ್ತೇನೆ. ರಕ್ತ ನಿಲ್ಲದಿದ್ದರೆ ಗರ್ಭಕೋಶವನ್ನೇ ತೆಗೆಯಬೇಕಾದೀತು, ಸರ್ಜಿಕಲಿ. ಆ ಕೊನೆಯ ಶಬ್ದವನ್ನು ಬಹಳ ಮೆಲ್ಲಗೆ ಹೇಳಿದ್ದರು, ಮೇಜಿನ ಮೇಲಿನ ಪೆನ್ನನ್ನು ನೇರ ಮಾಡುತ್ತ.

ನಾನು ಹೇಳಿದೆ, "ಗಡ್ಡಿ ಅದಾವಂತ್ರಿ. ಆಪರೇಷನ್ ಮಾಡಿ ತೆಗೀತಾರಂತ."

"ಆಮ್ಯಾಲ?" ಅತ್ತೆ ಕೇಳಿದರು. ಆ ಒಂದು ಶಬ್ದದಲ್ಲಿ ಎಲ್ಲವೂ ಇತ್ತು.

"ಆಮ್ಯಾಲ ನೋಡೂಣಂದಾರ್ರಿ."

ನೋಡೋಣ ಎಂದು ಡಾಕ್ಟರು ಅಂದಿರಲಿಲ್ಲ. ಅದು ನನ್ನದು.

ಆಪರೇಷನ್ನಿನ ಹಿಂದಿನ ದಿನ ಒಪ್ಪಿಗೆ ಪತ್ರ ತಂದರು. ನರ್ಸ್ ನಮ್ಮವರಿಗೆ ಓದಿ ಹೇಳಲು ಹೊರಟಳು. ಅವರು, "ಬ್ಯಾಡ ತಂಗಿ, ನಮ್ಮನ್ಯಾಗ ಓದಾವ್ರು ಅದಾರ" ಎಂದು ನಕ್ಕು ಕಾಗದವನ್ನು ನನ್ನ ಕೈಗೆ ಕೊಟ್ಟರು. ನಾನು ಬೆರಳಿಟ್ಟು ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳಿದೆ. ಅರಿವಳಿಕೆ, ರಕ್ತ ಕೊಡುವುದು, ನಂಜು, ಎಲ್ಲ ಹೇಳಿದೆ. ಆರನೆಯ ಸಾಲಿಗೆ ಬಂದಾಗ ಬೆರಳು ಏಳನೆಯದಕ್ಕೆ ಹೋಯಿತು. ನಾನೇ ಸರಿಸಿದೆ. ಅವರಿಗೆ ಆಸೆಯಿತ್ತು. ಆ ಆಸೆ ಇನ್ನೊಂದು ದಿನ ಇರಲಿ ಅಂದುಕೊಂಡೆ. ಇನ್ನೂ ಒಂದು ಮಾತಿದೆ, ಅದನ್ನೂ ಹೇಳಿಬಿಡುತ್ತೇನೆ. ಬಾಯಿಬಿಟ್ಟು ಹೇಳಿದರೆ ಅದು ಆಗಿಯೇ ತೀರುತ್ತದೆ ಎಂಬ ಹೆದರಿಕೆ ನನಗಿತ್ತು. ಅವರು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ಮದುವೆಯ ನೋಂದಣಿಗೆ ಹಾಕಿದಷ್ಟೇ ಎಚ್ಚರದಿಂದ, ಪೂರ್ತಿ ಹೆಸರು ಬರೆದು ಸಹಿ ಮಾಡಿದರು.

ಮುಂದಿನದು ನಾನು ಕಂಡದ್ದಲ್ಲ, ಆಮೇಲೆ ಕೇಳಿದ್ದು. ಅತ್ತೆ ಗುಡಿಗೆ ಹೋಗಿದ್ದರಂತೆ. ಆಪರೇಷನ್ ಕೋಣೆಯ ಹೊರಗೆ ನಮ್ಮವರೊಬ್ಬರೇ. ಡಾಕ್ಟರು ಹಸಿರು ಗೌನಿನಲ್ಲೇ ಬಾಗಿಲಿಗೆ ಬಂದು, "ರಕ್ತ ನಿಲ್ಲಾಕತ್ತಿಲ್ಲ. ಮೊದ್ಲ ಹೇಳಿದ್ನೆಲ್ಲಾ, ಗರ್ಭಚೀಲ ತೆಗೀಬೇಕಾಗ್ತೈತಿ" ಅಂದರಂತೆ. ಇವರು "ಯಾರಿಗೆ ಹೇಳಿದ್ರಿ?" ಎಂದು ಕೇಳಲಿಲ್ಲ. "ಅಕಿ ಉಳೀಬೇಕ್ರಿ" ಅಂದರಂತೆ, ಅಷ್ಟೇ. ಮುಗಿದ ಮೇಲೆ ತೆಗೆದದ್ದನ್ನು ಮನೆಯವರಿಗೆ ತೋರಿಸುವುದು ಅಲ್ಲಿಯ ರೂಢಿ. ಸ್ಟೀಲಿನ ಬೋಗುಣಿಯಲ್ಲಿಟ್ಟು ತೋರಿಸಿದರಂತೆ. ಇವರು ಚಪ್ಪಲಿ ಬಿಟ್ಟು ನಿಂತು ನೋಡಿದರಂತೆ. ಚಪ್ಪಲಿ ಯಾಕೆ ಬಿಟ್ಟಿರಿ ಎಂದು ನಾನು ಇವತ್ತಿಗೂ ಕೇಳಿಲ್ಲ.

ನನಗೆ ಎಚ್ಚರವಾದಾಗ ಹೊಟ್ಟೆಯ ಮೇಲೆ ಬಿಗಿಯಾದ ಪಟ್ಟಿ, ಬಾಯಲ್ಲಿ ಕಹಿ. ಏನಾಗಿದೆ ಎಂದು ನರ್ಸ್ ಹೇಳುವ ಮೊದಲೇ ತಿಳಿಯಿತು. ಇವರು ಮೋಸಂಬಿ ಸುಲಿಯುತ್ತ ಕೂತಿದ್ದರು. ಮೇಲಿನ ಬಿಳಿ ನಾರನ್ನು ಒಂದೂ ಬಿಡದೆ ತೆಗೆಯುತ್ತಿದ್ದರು. ಹಾಗೆ ಮೂರು ದಿನ ನಾವು ಮೋಸಂಬಿ, ಗುಳಿಗೆ, ಗ್ಲೂಕೋಸಿನ ಬಾಟಲಿ ಇವನ್ನೇ ಮಾತಾಡಿದೆವು. ಮೂರನೆಯ ದಿನ ಮಧ್ಯಾಹ್ನ, ಅತ್ತೆ ಊರಿಗೆ ಹೋಗಿದ್ದಾಗ, ಅವರೇ ತೆಗೆದರು.

"ಡಾಕ್ಟರು ನಿನಗ ಮೊದ್ಲ ಹೇಳಿದ್ರಂತ."

"ಹೌದ್ರಿ."

"ನಾ ಬಾಜೂಕ ಕುಂತಿದ್ನೆಲ್ಲಾ."

"ಹೂಂರಿ."

"ಹೇಳಿದ್ರ ಸಹಿ ಮಾಡ್ತಿದ್ದಿಲ್ಲ ಅಂದ್ಕೊಂಡ್ಯಾ?"

ನಾನು ಹೊದಿಕೆಯ ಅಂಚನ್ನು ಮಡಚತೊಡಗಿದೆ.

"ಮಾಡ್ತಿದ್ನಿ, ಸುಮಾ. ಆದ್ರ ಅತ್ತು ಮಾಡ್ತಿದ್ನಿ. ನೀನೂ ಅಳತಿದ್ದಿ. ಇಬ್ರೂ ಕೂಡಿ ಅತ್ತು ಒಳಗ ಕಳಸ್ತಿದ್ನಿ ನಿನ್ನ." ಸುಲಿದ ತೊಳೆಗಳನ್ನು ನನ್ನ ಅಂಗೈಯಲ್ಲಿಟ್ಟರು. "ಅಲ್ಲೆ ಬಾಗಲದಾಗ ನಾ ಒಬ್ಬನ ಆಗಿಬಿಟ್ನಿ."

ಆಮೇಲೆ ಅಂದರು, "ಅವ್ವಗ ಈಗ ಬ್ಯಾಡ. ಸ್ವಲ್ಪ ದಿನ ಹೋಗ್ಲಿ."

ನನ್ನಿಂದ ಕಲಿತದ್ದನ್ನೇ ಅವರೂ ಮಾಡಿದರು. ಒಪ್ಪಿಕೊಂಡೆ.

ಪಕ್ಕದ ಹಾಸಿಗೆಯಲ್ಲಿ ಗಲಗಲಿಯ ಒಬ್ಬ ಅಜ್ಜಿ ಇದ್ದರು. ಪಿತ್ತಕೋಶದ ಹರಳು ತೆಗೆಸಿಕೊಂಡಿದ್ದರು. ತೆಗೆದ ಹರಳುಗಳನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ದಿಂಬಿನ ಕೆಳಗಿಟ್ಟುಕೊಂಡು, ಬಂದವರಿಗೆಲ್ಲ ತೋರಿಸುತ್ತಿದ್ದರು. "ನೋಡ, ಹೊಳಿದಂಡಿ ಹರಳು ಇದ್ದಂಗ ಅದಾವ. ಇಷ್ಟ್ ದಿನ ಹೊಟ್ಯಾಗ ಇಟಗೊಂಡು ಕಬ್ಬಿನ ಹೊಲಕ್ಕ ಬುತ್ತಿ ಒಯ್ದೇನಿ." ನಗಬೇಡ, ಹೊಲಿಗೆ ಎಳೆಯುತ್ತದೆ ಎಂದು ನರ್ಸ್ ಹೇಳಿದ್ದಳು. ಆದರೂ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ಒಂದು ದಿನ ಡಬ್ಬಿ ಮುಚ್ಚುತ್ತ ಕೇಳಿದರು, "ನಿಂದೇನ ತೆಗದ್ರವ್ವಾ?"

ಹೇಳಿದೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅದೂ ಹೆಸರು ಗೊತ್ತಿಲ್ಲದವರ ಹತ್ತಿರ. ಅಜ್ಜಿ ಮಂಚ ಹಿಡಿದುಕೊಂಡು ಇಳಿದು ಬಂದು, ನನ್ನ ಕಾಲ ಬುಡದಲ್ಲಿ ಕೂತು, ಊಟದ ಗಾಡಿ ಬರುವವರೆಗೂ ನನ್ನ ಪಾದ ತಿಕ್ಕುತ್ತಿದ್ದರು. ಇಂಥ ಹಾಸಿಗೆಯಲ್ಲಿ ಈಗ ಮಲಗಿರುವ ಯಾರಾದರೂ ಇದನ್ನು ಓದುತ್ತಿದ್ದರೆ, ಮನೆಯವರಿಗೆ ಹೇಳಲಾಗದಿದ್ದರೆ ಪಕ್ಕದ ಹಾಸಿಗೆಯವರಿಗಾದರೂ ಹೇಳಿ. ಒಬ್ಬರಿಗೆ ಹೇಳಿ.

ಮನೆಗೆ ಬಂದ ಮೇಲಿನದ್ದು ಹೇಳುವುದು ಕಷ್ಟ. ಅತ್ತೆಗೆ ಗೊತ್ತಿದ್ದದ್ದು ಗಡ್ಡೆ ಹೋಯಿತು ಎಂಬುದಷ್ಟೇ. ನನ್ನ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಾಡಿಸಿ, "ಹೋತಲ್ಲ ಪೀಡಾ. ಇನ್ನ ಕೂಸಿಗೆ ಜಾಗಾ ಆತು" ಅಂದರು. ದೇವಿಗೆ ಇಪ್ಪತ್ತೊಂದು ಶುಕ್ರವಾರ ಸೊಸೆಯ ಉಡಿ ತುಂಬುತ್ತೇನೆ ಎಂದು ಹೇಳಿಕೊಂಡುಬಿಟ್ಟಿದ್ದರು.

ಪ್ರತಿ ಶುಕ್ರವಾರ ನನ್ನನ್ನು ಮಣೆಯ ಮೇಲೆ ಕೂರಿಸುತ್ತಿದ್ದರು. ಸೆರಗು ಚಾಚಿದರೆ ಅದರಲ್ಲಿ ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಎಲೆ ಅಡಿಕೆ, ಮೇಲೊಂದು ಖಣ. ನೂಲು ಸುತ್ತಿ ಸುತ್ತಿ ಅವರ ಬೆರಳ ತುದಿಗಳು ನುಣುಪಾಗಿವೆ. ಆ ಬೆರಳುಗಳ ಸಂದಿನಿಂದ ಅಕ್ಕಿ ಒಂದು ಕಾಳೂ ಹೊರಗೆ ಬೀಳುತ್ತಿರಲಿಲ್ಲ. ಉಡಿಯ ಅಕ್ಕಿಯನ್ನು ಹೊರಗಿನವರಿಗೆ ಕೊಡಬಾರದು, ನಾನೇ ಅಟ್ಟು ಮನೆಯವರೇ ಉಣ್ಣಬೇಕು. ಬೆಲ್ಲ ಹಾಕಿ ಹುಗ್ಗಿ ಮಾಡುತ್ತಿದ್ದೆ. ಇವರು ತಟ್ಟೆ ನೋಡುತ್ತ ಉಣ್ಣುತ್ತಿದ್ದರು. ನಾನು ಒಂದೊಂದು ತುತ್ತನ್ನೂ ನುಂಗಿದೆ. ಮುಂದಿನ ಶುಕ್ರವಾರ ಹೇಳುತ್ತೇನೆ, ಅದರ ಮುಂದಿನ ಶುಕ್ರವಾರ ಹೇಳುತ್ತೇನೆ ಎಂದು ಹತ್ತೊಂಬತ್ತು ಶುಕ್ರವಾರ ಕಳೆದೆ.

ಅಷ್ಟರಲ್ಲಿ ಅತ್ತೆ ಇನ್ನೊಂದನ್ನು ಗಮನಿಸುತ್ತಿದ್ದರು. ನನಗದು ಹೊಳೆದಿರಲಿಲ್ಲ. ಮೊದಲೆಲ್ಲ ತಿಂಗಳಿಗೆ ನಾಲ್ಕು ದಿನ ನಾನು ದೇವರ ಜಗಲಿಯ ಹತ್ತಿರ ಹೋಗುತ್ತಿರಲಿಲ್ಲ. ಈಗ ಒಂದು ದಿನವೂ ತಪ್ಪದೆ ದೀಪ ಹಚ್ಚುತ್ತಿದ್ದೆ. ಅವರು ಲೆಕ್ಕ ಹಿಡಿದಿದ್ದರು. ಬಾಯಿ ಬಿಡದೆ, ಕಣ್ಣು ಬಿದ್ದೀತೆಂದು ಮಗನಿಗೂ ಹೇಳದೆ, ನನ್ನ ತಟ್ಟೆಗೆ ಒಂದು ಚಮಚ ಹೆಚ್ಚು ತುಪ್ಪ ಹಾಕುತ್ತಿದ್ದರು. ತುಂಬಿದ ಕೊಡವನ್ನು ನನ್ನ ಕೈಯಿಂದ ಕಸಿದುಕೊಳ್ಳುತ್ತಿದ್ದರು. ಆಪರೇಷನ್ ಆದವಳೆಂದು ಹೀಗೆ ಮಾಡುತ್ತಾರೆ ಅಂದುಕೊಂಡಿದ್ದೆ.

ನನಗೆ ಹೊಟ್ಟೆಯ ಎಡಬದಿಗೆ ನೋವು ಶುರುವಾಯಿತು. ಡಾಕ್ಟರು ಫೋನಿನಲ್ಲಿ, ಒಂದು ಸ್ಕ್ಯಾನ್ ಮಾಡಿಸಿ ತನ್ನಿ ಅಂದರು. ಇವರು ನೂಲು ತರಲು ಊರಾಚೆ ಹೋಗಿದ್ದರು. "ನಾ ಬರ್ತೇನಿ ನಡಿ" ಎಂದು ಅತ್ತೆ ಹೊರಟರು. ಹಸಿರು ಇಳಕಲ್ ಸೀರೆ ಉಟ್ಟರು. ಸ್ಕ್ಯಾನಿಗೆ ಹೋಗಲು ಇಂಥ ಸೀರೆ ಯಾಕೆ ಎಂದು ನಾನು ಯೋಚಿಸಬೇಕಿತ್ತು.

ಸ್ಕ್ಯಾನ್ ಸೆಂಟರಿನ ಗೋಡೆಗೆ ಭ್ರೂಣಲಿಂಗ ಪತ್ತೆ ಅಪರಾಧ ಎಂಬ ಬೋರ್ಡು ಇತ್ತು. ಅತ್ತೆ ಅಕ್ಷರ ಕೂಡಿಸಿಕೊಂಡು ಓದಿದರು. ಪಕ್ಕದಲ್ಲಿ ಕೂತ ಹೆಂಗಸಿಗೆ ಹೇಳಿದರು, "ಗಂಡು ಹೆಣ್ಣು ಹೇಳೂದಿಲ್ಲಂತ ನೋಡ್ರಿ. ಹೇಳದಿದ್ರ ಬಿಡ್ಲಿ. ನಮಗ ಯಾವ್ದಾದ್ರೇನ್ರಿ?" ಆ ಹೆಂಗಸು ನನ್ನನ್ನು ನೋಡಿ ನಕ್ಕಳು. "ಎಷ್ಟರಾಗ ಅದಾರ್ರಿ?" ಅತ್ತೆ ಸೆರಗಿನ ಮರೆಯಲ್ಲಿ ಬೆರಳು ಮಡಚಿ ತೋರಿಸಿದರು. ಐದು.

ಆಗ ನನಗೆ ಎಲ್ಲವೂ ತಿಳಿಯಿತು. ತುಪ್ಪ, ಕೊಡ, ಹಸಿರು ಸೀರೆ. ಅಷ್ಟರಲ್ಲಿ ನನ್ನ ಹೆಸರು ಕೂಗಿದರು.

ಹೊರಗೆ ಬಂದಾಗ ವರದಿ ಕೈಯಲ್ಲಿತ್ತು. ಹೆದರುವಂಥದ್ದು ಏನೂ ಇಲ್ಲ, ಹೊಲಿಗೆಯ ಒಳಭಾಗ ಕರುಳಿಗೆ ಅಂಟಿಕೊಂಡು ನೋವು, ಗುಳಿಗೆಗೆ ಹೋಗುತ್ತದೆ ಎಂದು ಹೇಳಿದ್ದರು. ಅತ್ತೆ ಬೆಂಚಿನ ಮೇಲೆ ನನಗೆ ಜಾಗ ಹಿಡಿದು ಕೂತಿದ್ದರು. "ಓದಿ ಹೇಳ. ಏನ ಬರದಾರ?"

ವರದಿಯ ಮೊದಲ ಸಾಲೇ ಅದು. ಗರ್ಭಕೋಶ, ಎದುರಿಗೆ ಎರಡು ಶಬ್ದ, ಸರ್ಜಿಕಲಿ ಅಬ್ಸೆಂಟ್. ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿಕೊಡುತ್ತಿದ್ದರು, ಸರ್ಜಿಕಲಿಯಂಥ ಶಬ್ದ ಬಂದರೆ 'ಹೇಗೆ' ಎಂದು ಕೇಳಿಕೊಳ್ಳಿ, ಉತ್ತರ ಅದರಲ್ಲೇ ಇರುತ್ತದೆ ಎಂದು. ಹೇಗೆ ಓಡಿದ, ವೇಗವಾಗಿ. ಹೇಗೆ ಹಾಡಿದಳು, ಇಂಪಾಗಿ. ಹೇಗೆ ಇಲ್ಲ? ಅದಕ್ಕೆ ಅಲ್ಲಿ ಒಂದೇ ಶಬ್ದ ಸಾಕಾಗಿತ್ತು. ಬರೆದವರಿಗೆ ಅದು ದಿನಕ್ಕೆ ಹತ್ತು ಸಲ ಬರೆಯುವ ಶಬ್ದ. ಇದು ಹುಟ್ಟಿನಿಂದ ಇಲ್ಲದ್ದಲ್ಲ, ತಾನಾಗಿ ಹೋದದ್ದಲ್ಲ, ಯಾರೋ ತಿಳಿದವರು ಕಾರಣ ನೋಡಿ ತೆಗೆದದ್ದು ಎಂದು ಮುಂದಿನ ಡಾಕ್ಟರಿಗೆ ತಿಳಿಸುವ ಶಬ್ದ. ಕನ್ನಡದಲ್ಲಿ ಶಸ್ತ್ರಚಿಕಿತ್ಸೆಯ ಮೂಲಕ ಎನ್ನಬಹುದು. ಅದು ಪೇಪರಿನವರ ಮಾತು, ನಮ್ಮ ಮನೆಯಲ್ಲಿ ಯಾರೂ ಹಾಗೆ ಆಡುವುದಿಲ್ಲ. ಕೊಯ್ದು ಎನ್ನೋಣವೆಂದರೆ, ಅವರೆದುರು ಆ ಶಬ್ದ ಬಾಯಿಗೆ ಬರಲಿಲ್ಲ.

ಕಾಗದದ ಮೇಲೆ ಬೆರಳಿಟ್ಟೆ. ಈ ಸಲ ಸರಿಸಲಿಲ್ಲ.

"ಗರ್ಭಚೀಲ ಇಲ್ಲಂತ ಬರದಾರ್ರಿ, ಅವ್ವಾರ. ಆಪರೇಷನ್ ಮಾಡಿದಾಗ ತೆಗದಾರ. ರಕ್ತ ನಿಂತಿಲ್ಲ, ಅದಕ್ಕ."

ಅತ್ತೆ ಕಾಗದವನ್ನು ತೆಗೆದುಕೊಂಡು, ಓದಲು ಬಾರದ ಇಂಗ್ಲಿಷ್ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು.

"ಮಲ್ಲುಗ ಗೊತ್ತೈತಿ?"

"ಗೊತ್ತೈತ್ರಿ."

"ಯಾವಾಗಿಂದ?"

"ಅವತ್ತಿಂದಾನ ರೀ."

"ಹಂಗಾರ ನಾ ಒಬ್ಬಾಕಿ ಹುಚ್ಚಿ ಆಗಿದ್ನಿ" ಎಂದರು. ಸಿಟ್ಟಿನಿಂದಲ್ಲ. ಯಾವುದೋ ಲೆಕ್ಕ ಕೊನೆಗೂ ಸರಿಹೊಂದಿತು ಎನ್ನುವ ಹಾಗೆ. ಪಕ್ಕದ ಹೆಂಗಸು ಮುಖ ಆಚೆ ತಿರುಗಿಸಿಕೊಂಡಳು. ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕದ ಸೀಟು ಬಿಟ್ಟು ಮುಂದಿನದರಲ್ಲಿ ಕೂತರು. ಹಸಿರು ಸೀರೆಯ ಸೆರಗು ಕಿಟಕಿಯ ಗಾಳಿಗೆ ಹಾರುತ್ತಿದ್ದರೂ ಹಿಡಿದುಕೊಳ್ಳಲಿಲ್ಲ.

ಇಪ್ಪತ್ತನೆಯ ಶುಕ್ರವಾರ ಮಣೆ ಹಾಕಲಿಲ್ಲ. ಅಷ್ಟು ದಿನ ಅದು ಯಾವಾಗ ಮುಗಿಯುತ್ತದೋ ಎಂದು ಬೇಯುತ್ತಿದ್ದವಳು ನಾನು. ಮಣೆ ಗೋಡೆಗೆ ಒರಗಿಯೇ ಇದ್ದದ್ದನ್ನು ನೋಡಿದಾಗ ಮಾತ್ರ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಆಸ್ಪತ್ರೆಯಲ್ಲೂ ಅಷ್ಟು ಅತ್ತಿರಲಿಲ್ಲ. ಅತ್ತೆ ಮಾತು ಪೂರ್ತಿ ಬಿಡಲಿಲ್ಲ. ಉಪ್ಪು ಕೊಡು, ಬಾಗಿಲು ಹಾಕು, ಇಷ್ಟು. ಮಗನೊಂದಿಗೂ ಅಷ್ಟೇ. ಇವರು ಒಂದು ದಿನ "ಅವ್ವಾ, ತಪ್ಪಾತು" ಎಂದು ಅವರ ಎದುರು ಕೂತರು. ಅತ್ತೆ ನೂಲಿನ ಕಂಡಿಕೆ ಸುತ್ತುತ್ತಲೇ, "ಎಳಿ ಹರದ್ರ ಅವತ್ತ ಗಂಟ್ ಹಾಕಬೇಕಪಾ. ಐದು ತಿಂಗಳು ಬಿಟ್ಟು ಹಾಕ್ತಾರೇನ್?" ಅಂದರು.

ಅದಾಗಿ ಹದಿನೈದು ದಿನಕ್ಕೆ ಎದುರುಮನೆಯ ಸೊಸೆಗೆ ಕುಬಸದ ಕಾರ್ಯ ಬಂತು. ಐದು ಜನ ಮುತ್ತೈದೆಯರು ಬಸುರಿಯ ಉಡಿ ತುಂಬುವ ದಿನ. ನಾನು ಹೋಗುವುದಿಲ್ಲ ಎಂದುಕೊಂಡಿದ್ದೆ. ಅತ್ತೆ ನನ್ನ ಸೀರೆಯನ್ನು ಟ್ರಂಕಿನಿಂದ ತೆಗೆದು ಹಾಸಿಗೆಯ ಮೇಲೆ ಎಸೆದು, "ಉಟಗೋ" ಅಂದರು.

ಅಲ್ಲಿ ಉಡಿ ತುಂಬಲು ನಾಲ್ವರು ಎದ್ದರು. ಐದನೆಯವಳಾಗಿ ಯಾರೋ ನನ್ನನ್ನು ಕರೆದರು. ಹುಡುಗಿಯ ಸೋದರತ್ತೆ ಮಧ್ಯೆ ಬಂದರು. "ಬ್ಯಾರೆ ಯಾರರೆ ಬರ್ರಿ. ಇಕಿ ಬ್ಯಾಡ, ತಪ್ಪು ತಿಳಕೋಬ್ಯಾಡ್ರಿ. ಚೀಲನ ಉಳದಿಲ್ಲಂತ ಕೇಳೇನಿ. ದೇವರ ಕಸಗೊಂಡಾನಂದ್ರ ಏನರೆ ಇರಬೇಕಲ್ಲ."

ಸುದ್ದಿ ಹೇಗೋ ಓಣಿಗೆ ಬಂದಿತ್ತು. ನಾನು ಹೊಸ್ತಿಲ ಕಡೆ ತಿರುಗಿದೆ. ಹಿಂದಿನಿಂದ ಅತ್ತೆಯ ಧ್ವನಿ ಬಂತು. ಮಗ್ಗದ ಸದ್ದಿನಲ್ಲಿ ಮಾತಾಡಿ ರೂಢಿಯಾದ ಧ್ವನಿ.

"ದೇವರ್ಯಾಕ ಕಸಗೋತಾನ? ನಾವ ತೆಗಸೇವಿ. ಅಕಿ ಸಾಯಾಕತ್ತಿದ್ಲು, ಉಳೀಲಿ ಅಂತ ತೆಗಸೇವಿ. ನನ್ನ ಮಗ ಸಹಿ ಮಾಡ್ಯಾನ. ಅಲ್ಲೆ ಇದ್ದಿದ್ರ ನಾನೂ ಹೆಬ್ಬಟ್ಟ ಒತ್ತತಿದ್ನಿ. ಮತ್ತೇನರೆ ಕೇಳೂದೈತೇನ್ ನಿಮಗ?"

ಆದರೂ ಯಾರೂ ನನ್ನನ್ನು ಮತ್ತೆ ಕರೆಯಲಿಲ್ಲ. ಐದನೆಯವಳಾಗಿ ಬೇರೊಬ್ಬಳು ಉಡಿ ತುಂಬಿದಳು. ನಾವಿಬ್ಬರೂ ಆರತಿ ಮುಗಿಯುವವರೆಗೆ ನಿಂತಿದ್ದು, ಎಲೆ ಅಡಿಕೆ ತೆಗೆದುಕೊಂಡು ಬಂದೆವು.

ಮನೆಗೆ ಬಂದವರೇ ಅತ್ತೆ ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಕರೆಂಟು ಹೋಗಿತ್ತು, ಮಗ್ಗಗಳು ನಿಂತಿದ್ದವು. ನಾನು ಅವರ ಕಾಲ ಬುಡದಲ್ಲಿ ಕೂತೆ. ಅವರ ಬೆನ್ನು ಸ್ವಲ್ಪ ಅಲುಗುತ್ತಿತ್ತು. ತಿರುಗದೆಯೇ ಹೇಳಿದರು.

"ನಾ ಹೆಸರು ಸೈತ ಇಟ್ಟಿದ್ನೆಲ್ಲ ಸುಮಾ."

"ಏನಂತ್ರಿ?"

ಮೊದಲು ಬೇಡ ಎಂಬಂತೆ ಕೈಯಾಡಿಸಿದರು. ಆಮೇಲೆ ಹೇಳಿದರು, ಗೋಡೆಗೆ ಹೇಳುವಂತೆ. ಗಂಡಿಗೂ ಹೆಣ್ಣಿಗೂ ಸಲ್ಲುವ ಹೆಸರು. ನಾನೊಮ್ಮೆ ಅಂದು ನೋಡಿದೆ. ಅವರೂ ಅಂದರು. ಇವರು ಮನೆಗೆ ಬಂದಾಗ ಇವರಿಗೂ ಹೇಳಿದೆವು.

ಇಲ್ಲಿ ಎಲ್ಲವನ್ನೂ ಬರೆದಿದ್ದೇನೆ. ಆ ಹೆಸರೊಂದನ್ನು ಬರೆಯುವುದಿಲ್ಲ. ಅದು ನಮ್ಮ ಮೂವರದು.